ಸಿಂಗಾಪುರದ ಮಿಸ್ ಕಾಲ್

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಗೊಬ್ಬರ, ಬಿತ್ತನೆ ಬೀಜ, ಬೆಳೆ ಔಷಧಿ ಮಾರುವ ನೀಲಕಂಠಸ್ವಾಮಿಗೆ ಕಂಪನಿಯವರು ಪುಕ್ಕಟೆಯಾಗಿ ಸಿಂಗಾಪುರ ತೋರಿಸುತ್ತಾರೆ ಎಂಬ ಸುದ್ದಿ ಬಂತು. ಅವತ್ತು ಎದುರು ಅಂಗಡಿಯ ಪುಟ್ಟಮಲ್ಲಪ್ಪ ಮಧ್ಯಾಹ್ನಕ್ಕೇ ಷಟರ್ ಎಳೆದು ಮನೆಗೆ ಹೋಗಿ ಮಲಗಿದ. ತಲೆನೋವು ಎಂದು ಹೇಳಿದನಂತೆ. ಆ ತಲೆನೋವಿನ ಹೆಸರು ಸಿಂಗಾಪುರ ಎಂದು ಬೀದಿಗೆಲ್ಲ ಗೊತ್ತಿತ್ತು.

ಹಾಗೆ ನೋಡಿದರೆ ಇಬ್ಬರೂ ಪ್ರೈಮರಿ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತು ಏಟು ತಿಂದವರು. ದೊಡ್ಡವರಾಗಿ ಎದುರುಬದುರು ಅಂಗಡಿ ಹಾಕಿದ ಮೇಲೂ ಸ್ನೇಹ ಕೆಟ್ಟಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದೊಡನೆ ಒಂದು ಬೈ ಟು ಟೀ ತರಿಸಿ, ಅರ್ಧರ್ಧ ಲೋಟ ಹಿಡಿದು, ಈರುಳ್ಳಿ ಲಾರಿಗಳು ಕೇರಳದ ಕಡೆ ಹೋಗುವುದನ್ನು ನೋಡುತ್ತ ನಿಲ್ಲುವುದು ಅವರ ನಿತ್ಯಪೂಜೆಯಾಗಿತ್ತು. ಅದನ್ನು ಕೆಡಿಸಿದ್ದು ಒಂದು ಸ್ಪ್ರೇಯರ್. ಬೆನ್ನಿಗೆ ಕಟ್ಟಿಕೊಂಡು ಬೆಳೆಗೆ ಔಷಧಿ ಹೊಡೆಯುವ ಹೊಸ ಮಾದರಿಯ ಡಬ್ಬ ಅದು. ಅದನ್ನು ಯಾರು ಹೆಚ್ಚು ಮಾರುತ್ತಾರೋ ಅವರಿಗೆ ವಿದೇಶ ಪ್ರವಾಸ ಎಂದು ಕಂಪನಿ ಸಾರಿತು. ಪುಟ್ಟಮಲ್ಲಪ್ಪ ರೈತರಿಗೆ ಮಾರಿದ. ನೀಲಕಂಠಸ್ವಾಮಿಯೂ ರೈತರಿಗೇ ಮಾರಿದ, ಆದರೆ ರೈತರು ಮುಗಿದ ಮೇಲೆ ನಿಲ್ಲಲಿಲ್ಲ, ನೆಂಟರಿಗೆ ಕೈ ಹಾಕಿದ. ಹರದನಹಳ್ಳಿಯಲ್ಲಿ ಒಂದು ನುಗ್ಗೆಮರದ ಒಡತಿಯಾದ ಅತ್ತೆಗೆ ಒಂದು ಸ್ಪ್ರೇಯರ್. ಚಾಮರಾಜನಗರದಲ್ಲಿ ಗುಮಾಸ್ತನಾಗಿ, ತುಳಸಿಕಟ್ಟೆ ಬಿಟ್ಟರೆ ಬೇರೆ ಜಮೀನಿಲ್ಲದ ಭಾಮೈದ ಶಿವಮೂರ್ತಿಗೆ ಎರಡು. ಕೊನೆಗೆ ಗುಡಿಯಲ್ಲಿ ಪೂಜೆ ಮಾಡುವ ಅಯ್ನೋರಿಗೂ ಒಂದು ದಾಟಿಸಿದ.

ಅಯ್ನೋರು ಬೆನ್ನಿಗೆ ಡಬ್ಬ ಕಟ್ಟಿಕೊಂಡು ಗುಡಿಯಂಗಳದ ಕಣಗಿಲೆ ಗಿಡಕ್ಕೆ ನೀರು ಚಿಮ್ಮಿಸುತ್ತಿದ್ದುದನ್ನು ಪುಟ್ಟಮಲ್ಲಪ್ಪ ಕಣ್ಣಾರೆ ಕಂಡ. ಅದು ಯುಗಾದಿಯ ದಿನ, ಅವತ್ತಿನಿಂದ ಬೈ ಟು ನಿಂತಿತು. ಇಬ್ಬರೂ ಒಂದೊಂದು ಫುಲ್ ಟೀ ತರಿಸಿ, ಅರ್ಧ ಕುಡಿದು ಅರ್ಧ ಚೆಲ್ಲತೊಡಗಿದರು. ಪುಟ್ಟಮಲ್ಲಪ್ಪ ಅಷ್ಟಕ್ಕೇ ಬಿಡದೆ ಹೊಸ ಬೋರ್ಡು ಬರೆಸಿದ. ಅದರಲ್ಲಿ ಅಂಗಡಿಯ ಹೆಸರಿಗಿಂತ ಫೋನ್ ನಂಬರೇ ದಪ್ಪ. ಗಲ್ಲಾಪೆಟ್ಟಿಗೆಯಲ್ಲಿ ಕೂತು ತಲೆ ಎತ್ತಿದರೆ ಸಾಕು, ಆ ಕೆಂಪು ಅಂಕಿಗಳು ನೀಲಕಂಠಸ್ವಾಮಿಯ ಕಣ್ಣಿಗೆ ಬಂದು ಚುಚ್ಚುತ್ತಿದ್ದವು.

ಹೊರಡುವ ಹಿಂದಿನ ಭಾನುವಾರ ಶಿವಮೂರ್ತಿ ಬಂದವನು ಕಾಫಿ ಕುಡಿಯುತ್ತ ಒಂದು ಬೆಂಕಿಕಡ್ಡಿ ಗೀರಿದ.

"ಭಾವ, ಅಲ್ಲೋಗಿ ಫೋನ್ ಎತ್ತೀರಿ ಮತ್ತೆ. ನಮ್ಮ ಸೂಪರಿಂಟೆಂಡೆಂಟ್ ಷಡ್ಡಕರು ದುಬೈಗೆ ಹೋಗಿದ್ರು. ಅವರತ್ತೆ ಇಲ್ಲಿಂದ ಫೋನ್ ಮಾಡಿ, ಒಬ್ಬರೇ ಅವ್ರೆ ಪಾಪ ಅಂತ, ಹುಣಸೆ ತೊಕ್ಕು ಮಾಡೋದು ಹೇಳ್ಕೊಟ್ಟವ್ರೆ. ತೊಕ್ಕು ಆಯ್ತು. ಬಿಲ್ಲು ಬಂದಾಗ ಬೈಕ್ ಮಾರಿದ್ರು."

"ಮಾಡಿದ್ದು ಅತ್ತೆ ಅಲ್ವೇನಯ್ಯ? ಅವರ ದುಡ್ಡು ಹೋಗಬೇಕು."

"ಅಲ್ಲೇ ಇರೋದು ಗುಟ್ಟು. ಇಲ್ಲಾದ್ರೆ ಮಾಡ್ದೋರಿಗೆ ಮಾತ್ರ ಖರ್ಚು. ಗಡಿ ದಾಟಿದ್ರೆ ಮಾಡಿದ್ರೂ ಖರ್ಚು, ಎತ್ತಿದ್ರೂ ಖರ್ಚು. ರೋಮಿಂಗ್ ಅಂತಾರೆ."

ನೀಲಕಂಠಸ್ವಾಮಿ ಕೈಯಲ್ಲಿದ್ದ ಮೊಬೈಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಅದು ಎಲ್ಲಿ ಈಗಿನಿಂದಲೇ ಬಿಲ್ಲು ಏರಿಸಲು ಶುರು ಮಾಡುತ್ತದೋ ಎಂದು ಅವನಿಗೆ ಅನುಮಾನ. ಬಿಟ್ಟು ಹೋಗೋಣವೆಂದರೆ, ಪ್ರವಾಸಕ್ಕೆ ಬರುವವರೆಲ್ಲ ರೋಮಿಂಗ್ ಹಾಕಿಸಿಕೊಂಡು ಫೋನ್ ತರಲೇಬೇಕು ಎಂದು ಕಂಪನಿಯ ಅಪ್ಪಣೆಯಾಗಿತ್ತು.

ಆದರೆ ನೆಂಟರಿಗೆ ಸ್ಪ್ರೇಯರ್ ಮಾರಿದ ತಲೆ ಇಷ್ಟಕ್ಕೆಲ್ಲ ಸೋಲುವುದುಂಟೇ. ಸಂಜೆಯೊಳಗೆ ಯೋಜನೆ ಸಿದ್ಧವಾಯಿತು. ಹೆಂಡತಿ ಯಶೋದಮ್ಮ, ತಾಯಿ ದೊಡ್ಡಮಲ್ಲಮ್ಮ, ಶಿವಮೂರ್ತಿ, ಅಯ್ನೋರು, ಇಷ್ಟು ಜನರನ್ನು ನಡುಮನೆಯಲ್ಲಿ ಕೂರಿಸಿ ನೀಲಕಂಠಸ್ವಾಮಿ ಕರಾರು ಓದಿದ. ಅಲ್ಲಿಂದ ಬರುವುದೆಲ್ಲ ಮಿಸ್ ಕಾಲ್. ಎತ್ತದಿದ್ದರೆ ಯಾರಿಗೂ ಖರ್ಚಿಲ್ಲ. ಮನೆಯ ಫೋನು ಬಡಿದರೆ ಊಟ ಆಯಿತು ಎಂದು ತಿಳಿಯಬೇಕು. ಶಿವಮೂರ್ತಿಯ ಮೊಬೈಲು ಬಡಿದರೆ ಹೊಸ ಜಾಗ ನೋಡಿ ಆನಂದವಾಗಿದ್ದೇನೆ ಎಂದು. ಅಯ್ನೋರ ಮನೆಯ ಫೋನು ಬಡಿದರೆ ತನ್ನ ಹೆಸರಿನಲ್ಲಿ ಒಂದು ಅರ್ಚನೆ.

"ಕಷ್ಟ ಬಂದ್ರೆ ಯಾರ ಮನೇಲಿ ಬಡೀತದ್ಲಾ?" ಎಂದಳು ದೊಡ್ಡಮಲ್ಲಮ್ಮ.

"ಕಂಪನಿ ಖರ್ಚಲ್ಲಿ ಹೋಯ್ತಾ ಇವ್ನಿ ಕಣವ್ವ. ಕಷ್ಟ ಯಾಕ್ ಬತ್ತದೆ?"

"ಕಷ್ಟಕ್ಕೆ ಕಂಪನಿ ಗೊತ್ತಾ?"

"ಸುಮ್ಕಿರವ್ವ. ಯಾರೂ ಎತ್ತಬೇಡಿ, ಅಷ್ಟೇ. ನಾನೇ ದೇವರ ಮೇಲೆ ಆಣೆ ಹಾಕಿ ಎತ್ತಿ ಅಂದ್ರೂ ಎತ್ತಬೇಡಿ."

ಹೇಳಿದ್ದು ಸಾಲದೆಂದು ತಾಲೀಮೂ ನಡೆಯಿತು. ನೀಲಕಂಠಸ್ವಾಮಿ ಮಾಳಿಗೆ ಹತ್ತಿ, ಅದೇ ಸಿಂಗಾಪುರವೆಂದು ಭಾವಿಸಿ, ಮನೆಗೆ ಮಿಸ್ ಕಾಲ್ ಕೊಟ್ಟ. ಮೊದಲ ಸದ್ದಿಗೇ ದೊಡ್ಡಮಲ್ಲಮ್ಮ ಎತ್ತಿದಳು.

"ಯಾರ್ಲಾ ಅದು?"

"ನಾನು ಕಣವ್ವ. ಎತ್ತಬೇಡ ಅಂದಿರ್ಲಿಲ್ವಾ?"

"ಎಲ್ಲಿದ್ದೀಲಾ?"

"ಸಿಂಗಾಪುರದಲ್ಲಿ."

"ಮುದ್ದೆ ಆರೋಯ್ತದೆ, ಇಳ್ಕ ಬಾ."

ಅವಳ ಕೈ ತಡೆಯುವುದಕ್ಕೆ ಯಶೋದಮ್ಮ ಫೋನಿನ ಮೇಲೆ ಒಂದು ಬಿದಿರಿನ ಮಂಕರಿ ಕವುಚಿ, ಅದರ ಮೇಲೆ ರುಬ್ಬುವ ಗುಂಡು ಇಟ್ಟಳು. ಸದ್ದು ಕೇಳಬೇಕು, ಕೈಗೆ ಸಿಗಬಾರದು. ನೀಲಕಂಠಸ್ವಾಮಿಗೆ ಹೆಂಡತಿಯ ಬುದ್ಧಿವಂತಿಕೆ ಮೆಚ್ಚುಗೆಯಾಯಿತು.

ಆಮೇಲೆ ಇನ್ನೊಂದು ಅನುಮಾನ ಹುಟ್ಟಿತು. ಜೇಬಿನಲ್ಲಿ ಗುಂಡಿ ಒತ್ತಿಹೋಗಿ ಫೋನು ತಾನೇ ಯಾರಿಗಾದರೂ ಹೋಗಿ, ಅವರು ಎತ್ತಿ ಹಲೋ ಹಲೋ ಎನ್ನುತ್ತ ಕೂತರೆ? ಹೊರಟ ದಿನ ನೀಲಕಂಠಸ್ವಾಮಿ ಮೈಸೂರಿನಲ್ಲಿ ಬಸ್ಸಿಳಿಯುವ ಹೊತ್ತಿಗೆ ಮೊಬೈಲಿನಲ್ಲಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ಅಳಿಸಿ, ಕರಾರಿನ ಮೂರನ್ನು ಮಾತ್ರ ಉಳಿಸಿಕೊಂಡಿದ್ದ. ಪ್ರವಾಸದ ಮ್ಯಾನೇಜರ್ ರಘುನಾಥನ ನಂಬರು ಬಂದಾಗ ಒಂದು ಗಳಿಗೆ ಯೋಚಿಸಿದ. ಈತ ಹೇಗೂ ಜೊತೆಯಲ್ಲೇ ಬರುತ್ತಾನೆ, ಪಕ್ಕದಲ್ಲಿರುವವನಿಗೆ ಫೋನ್ ಏಕೆ ಎಂದು ಅದನ್ನೂ ಅಳಿಸಿದ. ರಘುನಾಥ ಕೊಟ್ಟಿದ್ದ ವಿಸಿಟಿಂಗ್ ಕಾರ್ಡು ಮನೆಯಲ್ಲಿ ದೇವರ ಗೂಡಿನಲ್ಲಿತ್ತು. ಗಂಡನನ್ನು ವಿಮಾನ ಹತ್ತಿಸುವ ಪುಣ್ಯಾತ್ಮನೆಂದು ಯಶೋದಮ್ಮ ಅದಕ್ಕೆ ಕುಂಕುಮ ಹಚ್ಚಿ ಇಟ್ಟಿದ್ದಳು.

ಮೊದಲ ಎರಡು ದಿನ ಯೋಜನೆ ಹೂವಿನ ಸರ ಎತ್ತಿದ ಹಾಗೆ ನಡೆಯಿತು. ಮಂಕರಿಯೊಳಗೆ ಫೋನು ಬಡಿದು ನಿಂತೊಡನೆ ಯಶೋದಮ್ಮ ಕೈ ತೊಳೆದು ತಟ್ಟೆ ಮುಂದೆ ಕೂರುತ್ತಿದ್ದಳು. ಅವರು ಉಂಡರು ಎಂದು ತಿಳಿಯದೆ ತಾನು ಉಣ್ಣಲಾರೆ ಎಂದು ಆಕೆ ನಿಶ್ಚಯಿಸಿದ್ದಳು. ಅಕ್ಕಪಕ್ಕದ ಹೆಂಗಸರು ಊಟದ ಹೊತ್ತಿಗೆ ಸರಿಯಾಗಿ ಬಂದು, ಅಂಗಡಿಗೆ ಅಂಟಿಕೊಂಡಿದ್ದ ಆ ಮನೆಯ ಜಗಲಿಯ ಮೇಲೆ ಕೂತು ಕಿವಿಗೊಡುತ್ತಿದ್ದರು. "ಸಿಂಗಾಪುರದಲ್ಲಿ ಬೇಗ ಉಣ್ತಾರೆ ಕಣಮ್ಮಿ," ಎಂದು ಒಬ್ಬಾಕೆ ಹೇಳಿದರೆ, "ಅಲ್ಲಿ ಸೂರ್ಯ ಬೇಗ ಏಳ್ತಾನಂತೆ," ಎಂದು ಇನ್ನೊಬ್ಬಾಕೆ ಒಪ್ಪುತ್ತಿದ್ದಳು. ಎದುರು ಅಂಗಡಿಯ ಪುಟ್ಟಮಲ್ಲಪ್ಪನಿಗೂ ಇದೆಲ್ಲ ಕೇಳುತ್ತಿತ್ತು. ಅವನು ಚೀಲ ತೂಗುವ ನೆಪದಲ್ಲಿ ಬೆನ್ನು ತಿರುಗಿಸಿಕೊಳ್ಳುತ್ತಿದ್ದ.

ಊಟದ ನಿಜ ಬೇರೆ ಇತ್ತು. ಕಂಪನಿಯ ಊಟದಲ್ಲಿ ಯಾವುದು ತರಕಾರಿ, ಯಾವುದು ಈಜುತ್ತಿದ್ದುದು ಎಂದು ತಿಳಿಯದೆ ನೀಲಕಂಠಸ್ವಾಮಿ ಚೀಲದಲ್ಲಿದ್ದ ಅವಲಕ್ಕಿ, ಚಟ್ನಿಪುಡಿಯ ಮೇಲೆ ದಿನ ನೂಕುತ್ತಿದ್ದ. ಆದರೂ ಕರಾರಿನಂತೆ ಮಿಸ್ ಕಾಲ್ ಮಾತ್ರ ಬಿಡುತ್ತಿರಲಿಲ್ಲ. ಉಳಿದ ವ್ಯಾಪಾರಿಗಳು ಮನೆಗೆ ಫೋನ್ ಹಚ್ಚಿ ಮಾತಾಡುವುದನ್ನು ಕಂಡರೆ, ನಡುಬೀದಿಯಲ್ಲಿ ಗೊಬ್ಬರದ ಚೀಲ ಹರಿದು ಸುರಿಯುವುದನ್ನು ನೋಡಿದಷ್ಟು ಸಂಕಟವಾಗುತ್ತಿತ್ತು.

ಮೂರನೆಯ ದಿನ ಅವಲಕ್ಕಿ ಮುಗಿಯಿತು. ಅವತ್ತೇ ಸಂಜೆ ಬಸ್ಸಿನಲ್ಲಿ ಎಲ್ಲರೂ ಮಲೇಷಿಯಾಕ್ಕೆ ಹೊರಡಬೇಕಿತ್ತು. ಅದಕ್ಕೆ ಮೊದಲು ಸಾಮಾನು ಕೊಳ್ಳಲು ರಘುನಾಥ ಇಪ್ಪತ್ತು ಜನರನ್ನೂ ತಮಿಳರ ಬೀದಿಯ ಒಂದು ದೊಡ್ಡ ಅಂಗಡಿಗೆ ನುಗ್ಗಿಸಿದ. ಅಂಗಡಿ ನೋಡಿ ಬೆರಗಾದ ನೀಲಕಂಠಸ್ವಾಮಿ ಶಿವಮೂರ್ತಿಗೆ ಆನಂದದ ಮಿಸ್ ಕಾಲ್ ಕೊಡಲು ಹೋದ. ಒಳಗೆ ಸಿಗ್ನಲ್ ಇಲ್ಲ. ಹೊರಗೆ ಬಂದ. ಅಲ್ಲಿಯೂ ಒಂದೇ ಕಡ್ಡಿ. ಕಡ್ಡಿ ಹೆಚ್ಚುತ್ತದೆಯೇ ಎಂದು ಮೊಬೈಲ್ ಎತ್ತಿ ಹಿಡಿದು ಆ ಮೂಲೆ ಈ ಮೂಲೆ ತಿರುಗಿ, ಕೊನೆಗೆ ಮಿಸ್ ಕಾಲ್ ಕೊಟ್ಟು ತಲೆ ತಗ್ಗಿಸಿ ನೋಡಿದರೆ ಬೀದಿಯೇ ಬೇರೆಯಾಗಿತ್ತು. ಹುಡುಕಿಕೊಂಡು ಅಂಗಡಿಗೆ ಬಂದ, ಆದರೆ ಅದಕ್ಕೆ ನಾಲ್ಕು ಕಡೆ ಬಾಗಿಲು. ಎಲ್ಲ ಬಾಗಿಲಲ್ಲೂ ಹೊಕ್ಕು ಎಲ್ಲ ಬಾಗಿಲಲ್ಲೂ ಹೊರಬಂದ. ಇಪ್ಪತ್ತು ಜನರಲ್ಲಿ ಒಬ್ಬರೂ ಇಲ್ಲ, ಬಸ್ಸೂ ಇಲ್ಲ.

ಆಗ ಅವನಿಗೆ ತನ್ನ ಸ್ಥಿತಿ ಸಾಲುಸಾಲಾಗಿ ಹೊಳೆಯಿತು. ಪಾಸ್‌ಪೋರ್ಟು ರಘುನಾಥನ ಕೈಯಲ್ಲಿ. ರಘುನಾಥನ ನಂಬರು ಗುಂಡ್ಲುಪೇಟೆಯ ದೇವರ ಗೂಡಿನಲ್ಲಿ. ಹೋಟೆಲಿನ ಹೆಸರು ಏನೋ ಪಾರ್ಕು. ಸಂಜೆ ಬಸ್ಸು ಹೊರಟುಹೋದರೆ, ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ, ಪರದೇಶದಲ್ಲಿ ಪರದೇಶಿಯಾಗಿ ನಿಲ್ಲುವುದು ತಾನೊಬ್ಬನೇ.

ಮೂಲೆಯಲ್ಲಿ ಟೀ ಮಾರುತ್ತಿದ್ದ ತಮಿಳಿನವನೊಬ್ಬ ಈತನ ಮುಖ ನೋಡಿ ಕೂರಿಸಿ ನೀರು ಕೊಟ್ಟ. ನೀಲಕಂಠಸ್ವಾಮಿ ಬಂದಷ್ಟು ತಮಿಳಿನಲ್ಲಿ ಕಷ್ಟ ಹೇಳಿಕೊಂಡ.

"ಎಂದ ಹೋಟಲ್ ಸಾರ್?" ಯಾವ ಹೋಟೆಲು ಎಂದು ಅವನು ಕೇಳಿದ.

"ಪಾರ್ಕು."

"ಎಂದ ಪಾರ್ಕ್?"

ಅಲ್ಲಿಗೆ ಇಬ್ಬರ ತಮಿಳೂ ನಿಂತಿತು. ಪೊಲೀಸಿಗೆ ಹೇಳೋಣವೇ ಎಂದು ಟೀ ಅಂಗಡಿಯವನು ಕೇಳಿದ. ಪೊಲೀಸ್ ಎಂದ ಕೂಡಲೇ ನೀಲಕಂಠಸ್ವಾಮಿಯ ಕಣ್ಣ ಮುಂದೆ ಪಾಸ್‌ಪೋರ್ಟಿಲ್ಲದ ತನ್ನ ಕೈಗೆ ಬೇಡಿ ಬಿದ್ದು, ಪುಟ್ಟಮಲ್ಲಪ್ಪ ಅದನ್ನು ಪೇಪರಿನಲ್ಲಿ ಓದುತ್ತಿರುವಂತೆ ಕಂಡಿತು. ಬೇಡ ಎಂದು ಕೈ ಮುಗಿದ.

ಅಷ್ಟರಲ್ಲಿ ಅವನ ಮೊಬೈಲೇ ಬಡಿಯಿತು. ಹೆಸರಿಲ್ಲದ ಯಾವುದೋ ಇಂಡಿಯಾದ ನಂಬರು. ಹೊತ್ತುಗೊತ್ತಿಲ್ಲದೆ ಯೂರಿಯಾ ಬಂತಾ ಎಂದು ಕೇಳುವ ಗಿರಾಕಿಗಳು ಇವರು. ಎತ್ತಿದರೆ ಖರ್ಚು. ನೀಲಕಂಠಸ್ವಾಮಿ ಚಟ್ಟನೆ ಕತ್ತರಿಸಿದ. ಮತ್ತೆ ಬಡಿಯಿತು. ಮತ್ತೆ ಕತ್ತರಿಸಿದ. "ಮನುಷ್ಯ ಸಾಯ್ತಾ ಇದ್ರೂ ಇವರಿಗೆ ಯೂರಿಯಾ," ಎಂದು ಬೈದುಕೊಂಡ.

ಖರ್ಚಾದರೆ ಆಗಲಿ, ಮನೆಗೆ ಮಾತಾಡಿಯೇ ಬಿಡುತ್ತೇನೆ ಎಂದು ಎದೆ ಗಟ್ಟಿ ಮಾಡಿಕೊಂಡು ಗುಂಡಿ ಒತ್ತಿದ. ಅತ್ತ ಬಡಿಯುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಏಕೆ ಎತ್ತುತ್ತಿಲ್ಲ ಎಂದು ಅವನಿಗೆ ಮೊದಲು ಕೋಪ ಬಂತು. ಆಮೇಲೆ ಏಕೆಂದು ನೆನಪಾಗಿ ಬೆವರು ಬಂತು.

ಗುಂಡ್ಲುಪೇಟೆಯಲ್ಲಿ ಏನು ನಡೆಯಿತೆಂದು ಅವನಿಗೆ ತಿಳಿದದ್ದು ಊರಿಗೆ ಬಂದ ಮೇಲೆ. ಮೊದಲ ಸಲ ಬಡಿದಾಗ ಯಶೋದಮ್ಮ, "ಉಂಡ್ರು," ಎಂದು ನೆಮ್ಮದಿಯಾಗಿ ತಟ್ಟೆ ಹಾಕಿಕೊಂಡಳು. ಎರಡನೆಯ ಸಲ ಉದ್ದಕ್ಕೆ ಬಡಿಯಿತು. "ಹೊಟ್ಟೆ ತುಂಬ ಉಂಡವ್ರೆ," ಎಂದಳು. ಮತ್ತೊಂದು ಸಲ ಬಡಿದಾಗ ಜಗಲಿಯ ಹೆಂಗಸರು ಮುಖ ಮುಖ ನೋಡಿಕೊಂಡರು.

"ಪಾಯಸ ಮಾಡಿರ್ಬೇಕು," ಎಂದಳು ಒಬ್ಬಾಕೆ.

"ಎಷ್ಟ್ ಉಂಡಾರು ಕಣಮ್ಮಿ ಅವರು? ಅಜೀರ್ಣ ಆದಾತು."

ದೊಡ್ಡಮಲ್ಲಮ್ಮ ಮೂಲೆಯಿಂದ ಎದ್ದಳು. "ಎತ್ತಿ ಒಂದ್ಮಾತು ಕೇಳವ್ವ. ನನ್ನ ಮಗ ಮನೇಲೇ ಎರಡನೇ ಮುದ್ದೆ ಮುಟ್ಟಲ್ಲ."

"ಬ್ಯಾಡಿ ಅತ್ತೆ. ಆಣೆ ಹಾಕಿದ್ರೂ ಎತ್ತಬೇಡಿ ಅಂದವ್ರೆ," ಎಂದು ಯಶೋದಮ್ಮ ಗುಂಡುಕಲ್ಲಿನ ಮೇಲೆ ಕೈಯಿಟ್ಟು ಕೂತಳು.

ಚಾಮರಾಜನಗರದ ಕಚೇರಿಯಲ್ಲಿ ಶಿವಮೂರ್ತಿಯ ಮೊಬೈಲು ಮೇಜಿನ ಮೇಲೆ ಬಡಿಯುತ್ತ ಕಡತಗಳ ನಡುವೆ ತಾನೇ ಓಡಾಡತೊಡಗಿತು. ಸೂಪರಿಂಟೆಂಡೆಂಟರು ಕನ್ನಡಕದ ಮೇಲಿಂದ ನೋಡಿದರು.

"ಎತ್ತಿ ಮಾತಾಡ್ರೀ."

"ಎತ್ತೋದಲ್ಲ ಸಾರ್. ನಮ್ಮ ಭಾವ ಹೊಸ ಜಾಗ ನೋಡ್ತಾವ್ರೆ. ಆನಂದವಾಗವ್ರೆ."

ಕೂತು ಏಳುವಷ್ಟರಲ್ಲಿ ಮತ್ತೆ ಬಡಿಯಿತು, ಮತ್ತೆ ಬಡಿಯಿತು. ಇಡೀ ಕಚೇರಿ ಕೆಲಸ ಬಿಟ್ಟು ಕಿವಿಗೊಟ್ಟಿತು. ಅದೇನೂ ಅವರಿಗೆ ಕಷ್ಟದ ಮಾತಾಗಿರಲಿಲ್ಲ. "ಚಿಕ್ಕ ದೇಶ ಅಂತ ಕೇಳಿದ್ದೆ," ಎಂದರು ಸೂಪರಿಂಟೆಂಡೆಂಟರು, "ಒಂದೇ ಏಟಿಗೆ ಪೂರ್ತಿ ನೋಡಿ ಮುಗಿಸ್ತಾ ಇರಬೇಕು ನಿಮ್ಮ ಭಾವ."

ಅಯ್ನೋರದು ಇನ್ನೂ ದೊಡ್ಡ ಪೇಚು. ಮೊದಲ ಮಿಸ್ ಕಾಲಿಗೆ ಅರ್ಚನೆ ಮಾಡಿದರು. ಮಂಗಳಾರತಿಗೆ ಮೊದಲೇ ಇನ್ನೊಂದು ಬಂತು, ಇನ್ನೊಂದು ಅರ್ಚನೆ ಮಾಡಿದರು. ಆಮೇಲೆ ಬಿಡುವಿಲ್ಲದೆ ಬಡಿಯತೊಡಗಿದಾಗ, ಇದು ಬಿಡಿ ಅರ್ಚನೆಯಲ್ಲ, ಭಕ್ತ ಅಭಿಷೇಕವನ್ನೇ ಅಪೇಕ್ಷಿಸುತ್ತಿದ್ದಾನೆ ಎಂದು ಅರ್ಥ ಮಾಡಿಕೊಂಡರು. ಕೊಡದಲ್ಲಿ ನೀರು ಹೊತ್ತು ಹೊತ್ತು ಸೋತು, ಕೊನೆಗೆ ಆ ಭಕ್ತನೇ ಮಾರಿದ್ದ ಸ್ಪ್ರೇಯರನ್ನು ಬೆನ್ನಿಗೇರಿಸಿ ಶಿವನಿಗೆ ಜಲಧಾರೆ ಶುರು ಮಾಡಿದರು.

ಹೀಗೆ ಸಿಂಗಾಪುರದಲ್ಲಿ ಒಬ್ಬ ಮನುಷ್ಯ ಗೋಳಾಡಿದಷ್ಟೂ ಇತ್ತ ಊರಿನಲ್ಲಿ ಹಬ್ಬ ಏರುತ್ತ ಹೋಯಿತು. ತನ್ನ ಮಾತನ್ನು ಜನ ಇಷ್ಟು ನಿಷ್ಠೆಯಿಂದ ಪಾಲಿಸುತ್ತಾರೆಂದು ನೀಲಕಂಠಸ್ವಾಮಿಗೆ ಜೀವನದಲ್ಲಿ ಮೊದಲ ಸಲ ಗೊತ್ತಾಯಿತು. ಟೀ ಅಂಗಡಿಯವನು ತನ್ನ ಫೋನನ್ನೇ ಕೊಟ್ಟು ಪ್ರಯತ್ನಿಸಲು ಹೇಳಿದ. ಅದಕ್ಕೂ ಮನೆಯವರು ಪಾಯಸ ಎಂದುಕೊಂಡರೇ ಹೊರತು ಎತ್ತಲಿಲ್ಲ.

ಹೊತ್ತು ಇಳಿಯುತ್ತಿತ್ತು. ನೀಲಕಂಠಸ್ವಾಮಿ ತಲೆಯ ಮೇಲೆ ಕೈ ಹೊತ್ತು ಕೂತ. ಮೂರು ಬಿಟ್ಟು ನಾಲ್ಕನೆಯ ನಂಬರಿಗೆ ತಲೆಯೆಲ್ಲ ತಡಕಿದ. ತನ್ನ ನಂಬರನ್ನೇ ಸರಿಯಾಗಿ ಹೇಳಲಾಗದ ತಲೆ ಅದು. ಸೋತು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೆ, ಕೇಳದೆಯೇ, ಕೆಂಪು ಅಂಕಿಗಳು ಎದ್ದು ನಿಂತವು. ಒಂದೊಂದೂ ಅಡಿಯುದ್ದ, ಬಿಳಿ ಬೋರ್ಡಿನ ಮೇಲೆ. ಅವನು ಕಣ್ಣು ತೆರೆದ. "ಅವನಿಗಾ?" ಎಂದು ತನ್ನನ್ನು ತಾನೇ ಕೇಳಿಕೊಂಡ. ಎದುರಿಗಿನ ಗೋಡೆಯ ಮೇಲೆ ಬಿಸಿಲು ಕಡಿಮೆಯಾಗಿತ್ತು. ದೇಶದ ಕೋಡು, ಊರಿನ ಕೋಡು ಸೇರಿಸಿ ಬೋರ್ಡನ್ನು ನೋಡಿ ಓದುವವನಂತೆ ಒತ್ತಿದ.

ಮೊದಲ ಸದ್ದಿಗೇ ಎತ್ತಿದರು. ವ್ಯಾಪಾರಿಯ ಕೈ ಅದು.

"ಹಲೋ, ಆಗ್ರೋ ಸೆಂಟರ್. ಯೂರಿಯಾ ನಾಳೆ ಬತ್ತದೆ."

"ಮಲ್ಲಪ್ಪ, ನಾನು."

"ನಾನು ಅಂದ್ರೆ ಯಾರು ತಾವು?"

"ನಾನು ಕಣಯ್ಯ, ನೀಲಕಂಠ."

ಅತ್ತ ಒಂದು ಕುರ್ಚಿ ಕಿರುಗುಟ್ಟಿತು. ಪುಟ್ಟಮಲ್ಲಪ್ಪ ಆರಾಮವಾಗಿ ಒರಗಿ ಕೂತನೆಂದು ಸಿಂಗಾಪುರಕ್ಕೂ ತಿಳಿಯಿತು.

"ಓಹೋ, ಸಿಂಗಾಪುರದ ಸ್ವಾಮಿಗಳು. ಏನ್ ಸಮಾಚಾರ? ಮಳೆಗಿಳೆ ಆಯ್ತಾ ಆ ಕಡೆ?"

"ಮಳೆ ಬುಡು ಮಾರಾಯ. ನನಗೆ..."

"ಎಂಗ್ ಬುಡಾಕಾಯ್ತದೆ? ಮಳೆ ಮುಖ್ಯ ಅಲ್ವಾ? ಇಲ್ಲಿ ಭೀಮನಬೀಡಿನ ಕಡೆ ಒಂದ್ ಹದ ಮಳೆ ಬಿದ್ದದೆ. ಬೇಗೂರಿನ ಕಡೆ ಬಂದಿಲ್ಲ. ತಮ್ಮ ಆರೋಗ್ಯ ಎಂಗದೆ?"

ಕಿವಿಗೊತ್ತಿದ ಮೊಬೈಲು ಬೆಚ್ಚಗಾಗುತ್ತಿತ್ತು. ಒಂದೊಂದು ಮಾತಿಗೂ ಸೂಪರಿಂಟೆಂಡೆಂಟರ ಷಡ್ಡಕರ ಬೈಕು ಕಣ್ಣ ಮುಂದೆ ಓಡುತ್ತಿತ್ತು.

"ಮಲ್ಲಪ್ಪ, ಬೇಗ ಒಂದ್ ಮಾತು. ರೋಮಿಂಗಲ್ಲಿದ್ದೀನಿ."

"ಅವಸ್ರ ಮಾಡಬ್ಯಾಡಿ. ಯುಗಾದಿಯಿಂದ ಮಾತಿಲ್ಲ ಕತೆಯಿಲ್ಲ, ನಿಧಾನಕ್ಕೆ ಮಾತಾಡಾನ. ಒಂದ್ ಅನುಮಾನ ಇತ್ತು ನಂಗೆ. ಗುಡಿ ಅಯ್ನೋರು ಯಾವ ಬೆಳೆಗೆ ಔಷಧಿ ಹೊಡೀತಾರೆ?"

"ಕಣಗಿಲೆಗೆ."

"ತಮ್ಮ ಅತ್ತೆಯವರು?"

"ನುಗ್ಗೆಮರ ಅದೆ."

"ಎಷ್ಟು ಎಕರೆ?"

"ಒಂದೇ ಮರ ಕಣಯ್ಯ." ಅವನ ದನಿ ಒಡೆಯಿತು. "ಶಿವಮೂರ್ತಿದು ತುಳಸಿಗಿಡ. ಅವನಿಗೆ ಎರಡು ಕೊಟ್ಟಿವ್ನಿ. ಈ ಸಿಂಗಾಪುರ ನಿಂದು, ನಾನು ಕಿತ್ಕಂಡೆ. ಈಗ ಅದು ನನ್ನ ನುಂಗ್ತಾ ಅದೆ. ದಾರಿ ತಪ್ಪೋಗಿವ್ನಿ. ಸಂಜೆಗೆ ಬಸ್ ಬುಟ್ಬುಡ್ತದೆ. ಮನೇಲಿ ಯಾರೂ ಫೋನ್ ಎತ್ತಲ್ಲ. ಬೆಳಗಿಂದ ಹೊಟ್ಟೆಗಿಲ್ಲ ಮಲ್ಲಪ್ಪ."

ಅತ್ತ ಕಡೆ ನಗು ಬರುತ್ತದೆಂದು ಕಾದ. ಬರಲಿಲ್ಲ.

"ಎಲ್ಲಿದ್ದೀಲಾ?" ಎಂದ ಪುಟ್ಟಮಲ್ಲಪ್ಪ. ತಾವು ಹೋಗಿ ನೀನಾಗಿತ್ತು. ಆ ಒಂದು ಲಾ ಕೇಳಿ ನೀಲಕಂಠಸ್ವಾಮಿಯ ಕಣ್ಣಲ್ಲಿ ನೀರು ಬಂತು. ದೇವರ ಗೂಡಿನ ಕಾರ್ಡಿನ ವಿಷಯ ಹೇಳಿದ.

"ಫೋನ್ ಇಡಬ್ಯಾಡ. ಇಟ್ರೆ ಮತ್ತೆ ಸಿಕ್ತದೋ ಇಲ್ವೋ. ಈಗ್ ಬಂದೆ, ಇರು," ಎಂದು ಪುಟ್ಟಮಲ್ಲಪ್ಪ ರಿಸೀವರನ್ನು ಗಲ್ಲಾದ ಮೇಲಿಟ್ಟು ರಸ್ತೆಗಿಳಿದ.

ನೀಲಕಂಠಸ್ವಾಮಿ ಫೋನ್ ಹಿಡಿದು ನಿಂತ. ಅದರೊಳಗೆ ಗುಂಡ್ಲುಪೇಟೆ ಇತ್ತು. ಲಾರಿಯೊಂದು ಬ್ರೇಕ್ ಹಾಕಿತು. ಕೇರಳದ ಬಸ್ಸಿನ ಕಂಡಕ್ಟರ್ "ಬತ್ತೇರಿ, ಬತ್ತೇರಿ" ಎಂದು ಕೂಗಿದ. ಎಲ್ಲೋ ಹೋಟೆಲಿನಲ್ಲಿ ಬೋಂಡ ಎಣ್ಣೆಗೆ ಬಿದ್ದ ಸದ್ದೂ ಕೇಳಿದಂತಾಯಿತು. ಅದು ಮಾತ್ರ ಹಸಿವಿನ ಕೆಲಸ ಇರಬೇಕು. ದಿನವೂ ಕೇಳಿ ಬೇಸತ್ತಿದ್ದ ಸದ್ದುಗಳನ್ನು ಅವನು ಈಗ ರೋಮಿಂಗ್ ಕೊಟ್ಟು ಕೇಳುತ್ತಿದ್ದ, ಮತ್ತು ನಿಲ್ಲುವುದು ಬೇಡ ಎನಿಸಿತು.

ಯಾರೋ ರಿಸೀವರ್ ಎತ್ತಿದರು. "ಹಲೋ, ಅಣ್ಣ ಎಲ್ಲೋದ್ರಿ? ಟೊಮೇಟೊ ಎಲೆ ಮುದುರ್ಕತಾ ಅದೆ, ಏನ್ ಹೊಡೀಬೇಕು?"

ಗಿರಾಕಿ ಎದುರಿಗೆ ಬಂದಾಗ ಸುಮ್ಮನಿದ್ದು ಗೊತ್ತಿಲ್ಲದ ಬಾಯಿ. "ಎಲೆ ಮೇಲಕ್ ಮುದುರ್ಕತದೋ ಕೆಳಕ್ಕೋ?" ಎಂದು ನೀಲಕಂಠಸ್ವಾಮಿ ವಿಚಾರಿಸಿದ. ಮೇಲಕ್ಕೆ ಎಂದಾಗ, ಎಡಗಡೆ ಕಪಾಟಿನ ಎರಡನೇ ಅಂತಸ್ತಿನಲ್ಲಿ ನೀಲಿ ಡಬ್ಬ ಇರುತ್ತದೆ ನೋಡು ಎಂದ. ಶತ್ರುವಿನ ಅಂಗಡಿಯ ಕಪಾಟನ್ನು ಅವನು ಅಷ್ಟು ಶ್ರದ್ಧೆಯಿಂದ ನೋಡಿಟ್ಟಿದ್ದ. ಸಿಂಗಾಪುರದಿಂದ ನಡೆದ ಆ ವ್ಯಾಪಾರ ಪುಟ್ಟಮಲ್ಲಪ್ಪನ ಲೆಕ್ಕಕ್ಕೇ ಹೋಯಿತು.

ಅತ್ತ ಪುಟ್ಟಮಲ್ಲಪ್ಪ ಯುಗಾದಿಯಿಂದ ತುಳಿಯದಿದ್ದ ಹೊಸಲನ್ನು ದಾಟಿ ಹೋದವನು, "ಕಾರ್ಡ್ ಕೊಡಿ ತಾಯಿ, ಅವನು ಕಳದೋಗವ್ನೆ," ಎಂದ.

"ಅದೆಂಗೆ? ಈಗ ತಾನೇ ಪಾಯಸ ಉಂಡ್ರಲ್ಲ," ಎಂದಳು ಯಶೋದಮ್ಮ.

"ಪಾಯಸಾನೂ ಇಲ್ಲ, ಏನೂ ಇಲ್ಲ. ಹಸ್ಕಂಡು ಬೀದೀಲಿ ನಿಂತವ್ನೆ."

ಜಗಲಿಯ ಹೆಂಗಸರು ಒಬ್ಬರನ್ನೊಬ್ಬರು ತಿವಿದರು. ಸಿಂಗಾಪುರ ಕೈತಪ್ಪಿದವನ ಮಾತು ನಂಬುವುದು ಹೇಗೆ ಎಂದು ಯಶೋದಮ್ಮ ಗುಂಡುಕಲ್ಲಿನಿಂದ ಕೈ ತೆಗೆಯದೆ ಅವನನ್ನೇ ನೋಡಿದಳು. ಆಗ ದೊಡ್ಡಮಲ್ಲಮ್ಮ ದೇವರ ಗೂಡಿಗೆ ಹೋಗಿ ಕುಂಕುಮದ ಕಾರ್ಡು ತೆಗೆದುಕೊಂಡು ಬಂದಳು.

"ಕಷ್ಟ ಬಂದ್ರೆ ಯಾರ ಮನೇಲಿ ಬಡೀತದೆ ಅಂತ ನಾನು ಅವತ್ತೇ ಕೇಳ್ದೆ," ಎಂದಳು. "ಮಲ್ಲಪ್ಪನ ಮನೇಲಿ ಬಡೀತು. ನಡೀರಿ."

ಅತ್ತೆ ಮುಂದೆ, ಸೊಸೆ ಹಿಂದೆ, ಜಗಲಿ ಪೂರ್ತಿ ಅವರ ಹಿಂದೆ, ಮೆರವಣಿಗೆ ರಸ್ತೆ ದಾಟಿತು. ಕಾರ್ಡಿನ ಅಂಕಿಗಳನ್ನು ಪುಟ್ಟಮಲ್ಲಪ್ಪ ಒಂದೊಂದಾಗಿ ಓದಿ ಹೇಳಿದ. ನೀಲಕಂಠಸ್ವಾಮಿ ಟೀ ಅಂಗಡಿಯ ಮೇಜಿನ ಮೇಲೆ ಬೆರಳಿನಿಂದ ನೀರಿನಲ್ಲಿ ಬರೆದುಕೊಂಡ. ಆಮೇಲೆ ಫೋನು ಯಶೋದಮ್ಮನ ಕೈಗೆ ಬಂತು.

"ಏನ್ರೀ," ಎಂದಳು. "ಊಟ ಆಯ್ತಾ?"

"ಇಲ್ಲ ಕಣೆ."

"ಹಂಗಾರೆ ಅಷ್ಟೊಂದು ಬಡೀತಲ್ಲ?"

"ಎತ್ತಲಿ ಅಂತ."

"ನೀವೇ ಎತ್ತಬೇಡಿ ಅಂದ್ರಿ. ನಾನು ಕಲ್ಲು ಬ್ಯಾರೆ ಇಟ್ಟು ಕೂತಿದ್ದೆ." ಅವಳ ದನಿ ನಡುಗಿತು. "ನೀವು ಹಸ್ಕಂಡಿದ್ದಾಗ ನಾನು ಇಲ್ಲಿ ಎರಡು ಸಲ ಬಡಿಸ್ಕಂಡು ಉಂಡ್ನಲ್ಲ."

ರೋಮಿಂಗ್ ಬಿಲ್ಲು ಆಗ ನೀಲಕಂಠಸ್ವಾಮಿಗೆ ಮರೆತೇ ಹೋಯಿತು. "ಅಳಬ್ಯಾಡ," ಎಂದ, "ಇನ್ನೂ ಸ್ವಲ್ಪ ಮಾತಾಡು."

ಕೊನೆಗೆ ಫೋನಿಟ್ಟು ಮೇಜಿನ ಮೇಲೆ ಒಣಗುತ್ತಿದ್ದ ನಂಬರನ್ನು ಒತ್ತಿದರೆ, ಮೊಬೈಲು ಅದನ್ನು ಗುರುತು ಹಿಡಿಯಿತು. ಮಧ್ಯಾಹ್ನದಿಂದ ಅವನು ಚಟ್ಟನೆ ಕತ್ತರಿಸುತ್ತ ಬಂದದ್ದು ಅದೇ ನಂಬರನ್ನು.

"ಸಾರ್," ಎಂದ ರಘುನಾಥ ಅಳುವ ದನಿಯಲ್ಲಿ, "ಎಷ್ಟು ಸಲ ಮಾಡ್ದೆ. ಯಾಕ್ ಸಾರ್ ಕಟ್ ಮಾಡ್ತಾ ಇದ್ರಿ?"

"ಯೂರಿಯಾ ಅಂದ್ಕಂಡೆ," ಎಂದ ನೀಲಕಂಠಸ್ವಾಮಿ.

ಬಸ್ಸು ಅವನನ್ನು ಹತ್ತಿಸಿಕೊಂಡೇ ಮಲೇಷಿಯಾಕ್ಕೆ ಹೋಯಿತು. ಅಲ್ಲಿ ಏನು ನೋಡಿದನೋ ಅವನಿಗೂ ನೆನಪಿಲ್ಲ. ಊರಿಗೆ ಬಂದ ಮೇಲೆ ಅಯ್ನೋರು ಅಭಿಷೇಕದ ಪ್ರಸಾದವನ್ನು ಬಕೆಟ್ಟಿನಲ್ಲಿ ತಂದುಕೊಟ್ಟರು. ಸೂಪರಿಂಟೆಂಡೆಂಟರು ಒಂದೇ ಮಧ್ಯಾಹ್ನದಲ್ಲಿ ಸಿಂಗಾಪುರ ಪೂರ್ತಿ ನೋಡಿದವರನ್ನು ಕಾಣಬೇಕೆಂದು ಚಾಮರಾಜನಗರದಿಂದ ಬಂದುಹೋದರು. ಬಿಲ್ಲೂ ಬಂತು. ಅದರಲ್ಲಿ ಎಷ್ಟಿತ್ತೆಂದು ನೀಲಕಂಠಸ್ವಾಮಿ ಯಾರಿಗೂ ಹೇಳಲಿಲ್ಲ, ಬೈಕು ಮಾತ್ರ ಮನೆ ಮುಂದೆಯೇ ಇತ್ತು.

ನೆಂಟರಿಷ್ಟರಿಗೆಲ್ಲ ತಂದದ್ದನ್ನು ಹಂಚಿದ ಮೇಲೆ ಒಂದು ಸಾಮಾನು ಗಲ್ಲಾಪೆಟ್ಟಿಗೆಯಲ್ಲಿ ಉಳಿಯಿತು. ಹುಲಿಯ ಚಿತ್ರವಿರುವ, ತಲೆನೋವಿನ ಮುಲಾಮಿನ ಡಬ್ಬಿ. ಕೊಡಬೇಕೆಂದು ಎದ್ದ ದಿನ ಗಿರಾಕಿ ಬರುತ್ತಿದ್ದರು. ಗಿರಾಕಿ ಇಲ್ಲದ ದಿನ ಬಿಗುಮಾನ ಬರುತ್ತಿತ್ತು. ಫೋನಿನಲ್ಲಿ ಅತ್ತವನು ಎದುರಿಗೆ ಹೋಗಿ ಏನು ಹೇಳುವುದು? ಅತ್ತ ಪುಟ್ಟಮಲ್ಲಪ್ಪನೂ ಈ ಕಡೆ ನೋಡಿದ ಹಾಗೂ ಇರಬೇಕು, ನೋಡದ ಹಾಗೂ ಇರಬೇಕು ಎಂದು ಕತ್ತು ನೋಯಿಸಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ನೀಲಕಂಠಸ್ವಾಮಿ ಅಂಗಡಿ ಗುಡಿಸಿ ಊದುಬತ್ತಿ ಹಚ್ಚುತ್ತಿದ್ದಾಗ ಫೋನು ಒಂದೇ ಸಲ ಬಡಿದು ನಿಂತಿತು. ಅವನು ತಲೆ ಎತ್ತಿದ. ರಸ್ತೆಯಾಚೆ, ಕೆಂಪು ಅಂಕಿಗಳ ಕೆಳಗೆ, ಪುಟ್ಟಮಲ್ಲಪ್ಪ ರಿಸೀವರನ್ನು ಇಡುತ್ತಿದ್ದ. ಗಲ್ಲಾದ ಮೇಲೆ ಅರ್ಧರ್ಧ ಟೀ ತುಂಬಿದ ಎರಡು ಲೋಟಗಳಿದ್ದವು.

ನೀಲಕಂಠಸ್ವಾಮಿ ಹುಲಿಯ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು, ಬತ್ತೇರಿ ಬಸ್ಸಿಗೆ ದಾರಿ ಬಿಟ್ಟು, ರಸ್ತೆ ದಾಟಿದ.